ತೊರವಿಯಲ್ಲಿ ಎರಡು ರಾತ್ರಿ

ವಿಜಯಪುರದಿಂದ ಪಶ್ಚಿಮಾಭಿಮುಖವಾಗಿ ಹೊರಟು, ಆದಿಲಶಾಹಿಯ ಕೋಟೆಗೋಡೆಯನ್ನು ಹಿಂದಿಕ್ಕಿ ಒಂದೆರಡು ಹರದಾರಿ ನಡೆದರೆ ತೊರವಿಯೆಂಬ ಗ್ರಾಮವು ದೊರೆಯುವುದು. ೨೦೧೪ರ ನವೆಂಬರದಿಂದ ಬಿಜಾಪುರವು ವಿಜಯಪುರವಾಗಿದೆಯಷ್ಟೆ. ನಮ್ಮ ನಾಲಿಗೆಗೆ ಮಾತ್ರ ಹಳೆಯ ಹೆಸರೇ ಇನ್ನೂ ಸಲೀಸು. ತೊರವಿಯ ಹೆಸರಾದರೋ ನಮಗೆ ಬಾಲ್ಯದಿಂದಲೂ ಪರಿಚಿತವಾದುದು. ಭಾಮಿನೀ ಷಟ್ಪದಿಯಲ್ಲಿ ಕನ್ನಡಿಗರಿಗೆ ರಾಮಕಥೆಯನ್ನಿತ್ತ ಕುಮಾರವಾಲ್ಮೀಕಿಯು ತನ್ನ ಕೃತಿಯನ್ನು ಸಮರ್ಪಿಸಿದ್ದು ಈ ಊರಿನ ನರಸಿಂಹದೇವರಿಗೆ. ಆದ್ದರಿಂದಲೇ ಅದು ತೊರವೆಯ ರಾಮಾಯಣವೆನಿಸಿತು. ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದಷ್ಟು ಕಾಲ ಮೂಲ ವಾಲ್ಮೀಕಿಯನ್ನೂ ಈ ಕುಮಾರವಾಲ್ಮೀಕಿಯನ್ನೂ ಅಕ್ಕಪಕ್ಕದಲ್ಲಿಟ್ಟು ಓದುತ್ತ ಬಂದ ನಾವು, ಆ ದೇವರ ಮುಂದೆ ಒಮ್ಮೆಯಾದರೂ ನಿಲ್ಲಬೇಕೆಂದು ಎಣಿಸುತ್ತಲೇ ನಿವೃತ್ತರಾದೆವು. ೨೦೨೪ರ ಚೈತ್ರಮಾಸದಲ್ಲಿ ಅದು ಕೈಗೂಡಿತು. ಆದರೆ ಈ ಲೇಖನದ ವಿಷಯವು ದೇವರ ದರ್ಶನಕ್ಕಿಂತ, ದರ್ಶನಕ್ಕೆ ಹೋದ ಗಾಡಿಯನ್ನು ಕುರಿತದ್ದಾಗಿದೆ.

ನಮ್ಮ ಮನೆಯವರಿಗೆ ಹನ್ನೊಂದು ವರ್ಷಗಳಿಂದ ಮಧುಮೇಹ. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಆ ಔಷಧದ ಒಡೆಯದ ಸೀಸೆಗಳನ್ನು ೨ರಿಂದ ೮ ಅಂಶ ಸೆಲ್ಸಿಯಸ್ ಶೈತ್ಯದಲ್ಲಿಡಬೇಕೆಂಬುದು ವಿಧಿ. ಬಳಕೆಗೆ ತೆರೆದ ಸೀಸೆಯು ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ತಾಳುವುದಾದರೂ ಬಿಜಾಪುರದ ಏಪ್ರಿಲ್ ಬಿಸಿಲನ್ನು ತಾಳಲಾರದು. ಹೀಗಿರಲಾಗಿ ಒಂದು ತಿಂಗಳ ಯಾತ್ರೆಯೆಂದರೆ ಊರೂರಿನ ವಸತಿಗೃಹಗಳಲ್ಲಿ ಶೀತಕಪೆಟ್ಟಿಗೆಗಾಗಿ ಅಂಗಲಾಚುವ ಯಾತ್ರೆಯೇ ಸರಿ. ನಮ್ಮ ಸೋದರಳಿಯನು ಹಳೆಯದೊಂದು ಹದಿಮೂರು ಆಸನಗಳ ಟೆಂಪೋ ಗಾಡಿಯನ್ನು ಕೊಂಡು, ಒಳಗಿನ ಆಸನಗಳನ್ನು ಕಳಚಿ, ಮಲಗಲು ಹಲಗೆ, ಅಡಿಗೆಗೆ ಕಟ್ಟೆ, ನೀರಿಗೆ ತೊಟ್ಟಿ ಮುಂತಾದುವನ್ನು ಕೂಡಿಸಿ ‘ಗಾಡಿಮನೆ’ ಮಾಡಹೊರಟಾಗ ನಮಗೆ ಆಸೆ ಹುಟ್ಟಿದ್ದು ಇದೇ ಕಾರಣದಿಂದ. ಇಂಥ ಮಾರ್ಪಾಟನ್ನು ಮನಬಂದಂತೆ ಮಾಡಲಾಗದು. ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮಿನ ಮೇರೆಗೆ ಸಾರಿಗೆ ಅಧಿಕಾರಿಗಳ ಒಪ್ಪಿಗೆ ಬೇಕು. ಆ ಓಡಾಟವನ್ನು ಅಳಿಯನೇ ಮಾಡಿದನು. ವಿದ್ಯುತ್ತಿನ ಲೆಕ್ಕವನ್ನು ಮಾತ್ರ ನಾವು ಬೇಡಿ ತೆಗೆದುಕೊಂಡೆವು. ಲೆಕ್ಕವೆಂದರೆ ಮಾಸ್ತರಿಕೆಯವರಿಗೆ ಒಂದು ಬಗೆಯ ಅಭಿಮಾನವಿರುವುದುಂಟು.

ಮನೆಯಲ್ಲಿ ಗುಂಡಿಯೊತ್ತಿದರೆ ದೀಪ ಹತ್ತುವುದು. ಅದು ಆಲಮಟ್ಟಿಯ ನೀರಿನಿಂದ ಬಂದಿತೋ ಕೂಡಗಿಯ ಕಲ್ಲಿದ್ದಲಿನಿಂದ ಬಂದಿತೋ ನಾವು ಕೇಳುವುದಿಲ್ಲ. ಗಾಡಿಮನೆಯಲ್ಲಾದರೋ ಗಳಿಕೆ, ಕೂಡಿಕೆ, ವೆಚ್ಚ ಮೂರನ್ನೂ ನಾವೇ ನೋಡಿಕೊಳ್ಳತಕ್ಕದ್ದು. ಯಂತ್ರವು ಒಂದು ಕ್ಷಣದಲ್ಲಿ ಬೇಡುವ ಶಕ್ತಿ ವಾಟ್. ಅಷ್ಟನ್ನು ಒಂದು ಗಂಟೆ ಹೊತ್ತು ಬೇಡಿದರೆ ವಾಟ್-ಗಂಟೆ. ಮೊದಲನೆಯದು ಹಸಿವಿನ ತೀವ್ರತೆ. ಎರಡನೆಯದು ಉಂಡ ಅನ್ನದ ಅಳತೆ.

ಈ ಭೇದವು ನಮ್ಮ ಮನೆಯವರ ಒಂದು ಪ್ರಶ್ನೆಯಿಂದಲೇ ನಮಗೆ ಚೆನ್ನಾಗಿ ತಿಳಿಯಿತೆನ್ನಬೇಕು. “ಚಟ್ನಿ ಅರೆಯುವ ಮಿಕ್ಸರು ೫೦೦ ವಾಟಿನದು, ಫ್ಯಾನು ೫೦ ವಾಟಿನದು, ನೀವು ಫ್ಯಾನಿನ ಮೇಲೇಕೆ ಕಣ್ಣಿಟ್ಟಿದ್ದೀರಿ?” ಎಂದು ಅವರು ಕೇಳಿದರು. ಮಿಕ್ಸರು ಆರ್ಭಟಿಸುವುದು ಐದು ನಿಮಿಷ ಮಾತ್ರ. ಅದು ತಿನ್ನುವುದು ೪೨ ವಾಟ್-ಗಂಟೆ. ಸದ್ದಿಲ್ಲದ ಫ್ಯಾನು ಎಂಟು ಗಂಟೆಯ ರಾತ್ರಿಯಲ್ಲಿ ೪೦೦ನ್ನು ನುಂಗುತ್ತದೆ. ವಿದ್ಯುತ್ತಿನ ಒಲೆಯ ಮಾತು ಬಂದಾಗ ಲೆಕ್ಕ ಇನ್ನೂ ಸ್ಪಷ್ಟವಾಯಿತು: ೧೫೦೦ ವಾಟಿನ ಒಲೆ ಅರ್ಧ ಗಂಟೆ ಉರಿದರೆ ೭೫೦ ಹೋಯಿತು, ಅಲ್ಲದೆ ೧೨ ವೋಲ್ಟಿನ ಬ್ಯಾಟರಿಯಿಂದ ಅಷ್ಟನ್ನು ಎಳೆಯಬೇಕಾದರೆ ೧೨೫ ಆಂಪಿಯರಿಗೂ ಮೀರಿದ ಪ್ರವಾಹವು ತಂತಿಯಲ್ಲಿ ಹರಿಯಬೇಕು. ಅನ್ನಕ್ಕೆ ಗ್ಯಾಸೇ ಇರಲಿ, ಕಿಟಕಿ ತೆರೆದಿರಲಿ ಎಂದು ತೀರ್ಮಾನವಾಯಿತು.

ನಾವು ಕಾಗದದ ಮೇಲೆ ಬರೆದ ದಿನವಹಿ ಹೀಗಿದ್ದಿತು. ಶೀತಕಪೆಟ್ಟಿಗೆ ೪೫ ವಾಟಿನದು, ಅರ್ಧ ಹೊತ್ತು ಓಡುವುದೆಂದು ೫೪೦. ನಾಲ್ಕು ದೀಪಗಳಿಗೆ ೮೦. ಮನೆಯಿಂದ ಒಯ್ಯುವ ಮೇಜುಫ್ಯಾನಿಗೆ ೪೦೦. ದೂರವಾಣಿ, ನೀರೆತ್ತುವ ಪಂಪು, ಮಿಕ್ಸರು ಸೇರಿ ೮೦ರಷ್ಟು. ಒಟ್ಟು ೧೧೦೦. ಗಾಡಿಯ ಮಾಳಿಗೆಯ ಮೇಲೆ ೨೦೦ ವಾಟಿನ ಸೌರಫಲಕ. ನಮ್ಮ ನಾಡಿನ ಬಿಸಿಲಿನಲ್ಲಿ ದಿನಕ್ಕೆ ಐದು ಗಂಟೆಯ ಪೂರ್ಣ ಪ್ರಭೆ ಸಿಕ್ಕುವುದೆಂದು ೧೦೦೦. ಮನೆಯಲ್ಲಿ ದೀಪ ಹೋದಾಗ ಬಳಸುವ ೧೫೦ ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಇದ್ದೇ ಇದ್ದಿತು. ೧೨ರಿಂದ ಗುಣಿಸಲು ೧೮೦೦. ಗಳಿಕೆ ೧೦೦೦, ವೆಚ್ಚ ೧೧೦೦, ಗಂಟು ೧೮೦೦! ಒಂದೆಡೆ ಹದಿನೈದು ದಿನ ಕೂತರೂ ಭಯವಿಲ್ಲವೆಂದು ನಾವು ಸಾರಿದೆವು. ಅಳಿಯನು ಲೀಥಿಯಂ ಬ್ಯಾಟರಿ ಕೊಳ್ಳೋಣವೆಂದರೆ, ಇದ್ದುದನ್ನು ಬಿಟ್ಟು ಇಲ್ಲದ್ದಕ್ಕೆ ದುಡ್ಡು ಸುರಿಯುವುದೇಕೆಂದು ತಡೆದವರೂ ನಾವೇ. ಓಡುವ ಎಂಜಿನ್ನಿನಿಂದ ಈ ಬ್ಯಾಟರಿಗೆ ವಿದ್ಯುತ್ತು ತರುವ ಜೋಡಣೆಯನ್ನೂ ಮುಂದಿನ ಸಲಕ್ಕೆಂದು ಬಿಡಿಸಿದೆವು.

ಧಾರವಾಡದಿಂದ ಹೊರಟು ಸಂಜೆಯ ಹೊತ್ತಿಗೆ ತೊರವಿಯನ್ನು ಸೇರಿದೆವು. ದಾರಿಯುದ್ದಕ್ಕೂ ಬಿಸಿಲು ಕುಡಿದ ಬ್ಯಾಟರಿ ತುಂಬಿದ್ದಿತು. ಊರ ಅಂಚಿನಲ್ಲಿ ಒಂದು ಮನೆಯ ಮುಂದಣ ಬಯಲಿನಲ್ಲಿ ದೊಡ್ಡ ಬೇವಿನ ಮರ. ಮನೆಯ ಯಜಮಾನರನ್ನು ಕೇಳಲಾಗಿ, “ಮರ ಏನ್ ನಮ್ದೇನ್ರಿ, ನಿಲ್ಲಿಸ್ಕೋರಿ” ಎಂದರು. ಚೈತ್ರದ ಬೇವು ಹೂ ಬಿಟ್ಟಿದ್ದು ಗಾಡಿಯೆಲ್ಲ ಪರಿಮಳಿಸಿತು. ಆ ರಾತ್ರಿ ಫ್ಯಾನಿನ ಕೆಳಗೆ ಸುಖವಾಗಿ ಮಲಗಿದೆವು.

ಮರುದಿನ ಬೆಳಿಗ್ಗೆ ನರಸಿಂಹನ ದರ್ಶನ. ದೇವರಿರುವುದು ನೆಲಮಟ್ಟದ ಕೆಳಗೆ. ಹೊರಗಿನ ಬಿಸಿಲಿನಿಂದ ಇಳಿದುಹೋದವನಿಗೆ ಆ ಕತ್ತಲೆಯ ತಂಪು ಮೊದಲು ಮೈಗೆ, ಆಮೇಲೆ ಮನಸ್ಸಿಗೆ ತಿಳಿಯುತ್ತದೆ. ಅಲ್ಲಿ ನಿಂತ ಅರ್ಧ ಗಳಿಗೆಯನ್ನು ಕುರಿತು ಬರೆಯುವ ಶಕ್ತಿ ನಮಗಿಲ್ಲ. ಅಲ್ಲಿಂದ ನವರಸಪುರದ ಅವಶೇಷಗಳಿಗೆ ಹೋದೆವು. ಎರಡನೆಯ ಇಬ್ರಾಹಿಮ ಆದಿಲಶಹನು ೧೫೯೯ರಲ್ಲಿ ಇಲ್ಲಿ ಹೊಸದೊಂದು ನಗರವನ್ನೇ ಕಟ್ಟತೊಡಗಿದನು. ಅವನು ಬರೆದ ಹಾಡುಗಳ ಗ್ರಂಥದ ಹೆಸರು ‘ಕಿತಾಬ್-ಎ-ನವರಸ್’. ಸರಸ್ವತಿಯನ್ನು ಸ್ತುತಿಸಿದ ಸುಲ್ತಾನನು ಅವನು. ಅಲಂಕಾರಶಾಸ್ತ್ರದ ಒಂಬತ್ತು ರಸಗಳು ಒಂದು ಊರಿನ ಹೆಸರಾದುದನ್ನು ನೆನೆದರೆ ನಮ್ಮಂಥ ಸಂಸ್ಕೃತದವರಿಗೆ ರೋಮಾಂಚವಾಗುವುದು ಸಹಜ. ೧೬೨೪ರಲ್ಲಿ ಅಹಮದನಗರದ ಮಲಿಕ ಅಂಬರನು ಈ ನಗರವನ್ನು ಹಾಳುಗೆಡವಿದನು. ಉಳಿದ ಸಂಗೀತಮಹಲಿನ ಎತ್ತರದ ಕಮಾನು ಈಗ ಆಕಾಶವನ್ನು ಮಾತ್ರ ಚೌಕಟ್ಟು ಹಾಕಿ ತೋರಿಸುತ್ತದೆ.

ಮಧ್ಯಾಹ್ನ ಮರಳಿದಾಗ ನಮ್ಮ ಉಷ್ಣಮಾಪಕವು ೪೦ ಅಂಶವನ್ನು ತೋರಿಸುತ್ತಿದ್ದಿತು. ಗಾಡಿಯನ್ನು ಇನ್ನಷ್ಟು ಮರದ ಬುಡಕ್ಕೆ ಸರಿಸಿ, ನೆರಳೆಂಥ ಭಾಗ್ಯವೆಂದು ಮಾತಾಡಿಕೊಂಡು ಮಲಗಿದೆವು. ಮಾಳಿಗೆಯ ಮೇಲಿನ ಫಲಕವೂ ನಮ್ಮೊಡನೆ ನೆರಳಿನಲ್ಲಿ ಮಲಗಿದೆಯೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ!

ರಾತ್ರಿ ಒಂದೂವರೆಯ ಸುಮಾರಿಗೆ ಇನ್ವರ್ಟರು ಕೀ ಕೀ ಎಂದು ಕೂಗಿತು. ಫ್ಯಾನು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಶೀತಕಪೆಟ್ಟಿಗೆಯೂ ನಿಟ್ಟುಸಿರಿಟ್ಟು ಸುಮ್ಮನಾಯಿತು. ಅದರೊಳಗೆ ಒಂದು ತಿಂಗಳ ಔಷಧವಿದ್ದಿತು. ನಮ್ಮ ಮನೆಯವರು ಎದ್ದು ಕುಳಿತು, ಒಂದು ಮಾತನ್ನೂ ಆಡದೆ ನಮ್ಮ ಮುಖವನ್ನು ನೋಡಿದರು. ಮೂವತ್ತು ವರ್ಷ ಹುಡುಗರ ಲೆಕ್ಕದ ತಪ್ಪಿಗೆ ಕೆಂಪು ಗೀಟು ಎಳೆದವರಿಗೆ ಆ ನೋಟವು ಸಾಕಾಗಿದ್ದಿತು.

ರಾತ್ರಿಯ ಭಯವು ಅಷ್ಟಿರಲಿಲ್ಲ. ಪೆಟ್ಟಿಗೆಯ ದಪ್ಪ ಗೋಡೆ ಕೆಲವು ಗಂಟೆ ತಂಪು ಹಿಡಿಯುವುದು. ಭಯವೆಲ್ಲ ಬೆಳಿಗ್ಗೆ ಹತ್ತರ ಮೇಲಿನದು. ತಗಡಿನ ಗಾಡಿ ಕಾದ ಮೇಲೆ ಒಳಗಿನ ಸೆಕೆಯು ಹೊರಗಿನದನ್ನೂ ಮೀರುತ್ತದೆ. ಬ್ಯಾಟರಿಯ ದೀಪ ಹಿಡಿದು ಹೊರಗೆ ತಡಕಾಡುತ್ತಿರುವಾಗ ಆ ಮನೆಯ ಅಜ್ಜಿ ಅಂಗಳದ ಹೊರಸಿನ ಮೇಲಿಂದ ಎದ್ದು, “ಯಾಕ್ರೀ ಮಾಸ್ತರ, ಬೆಳಕ ಹೋತೇನು?” ಎಂದಳು. ಸಂಗತಿಯನ್ನು ಹೇಳಿದೆವು. ಆಕೆ ಒಳಗೆ ಹೋಗಿ ಬೆಣ್ಣೆಯಿಡುವ ಗಡಿಗೆಯನ್ನು ತಂದಳು: ದೊಡ್ಡದೊಂದು ಮಡಕೆ, ಅದರೊಳಗೆ ಸಣ್ಣದು, ನಡುವೆ ಹಸಿ ಮರಳು, ಮೇಲೆ ಒದ್ದೆ ಅರಿವೆ. ಒಣಗಾಳಿಯ ನಾಡಿನಲ್ಲಿ ನೀರು ಆರುವಾಗ ಮಡಕೆಯ ಶಾಖವನ್ನು ಹೀರಿಕೊಂಡೇ ಆರುವುದು. ಗಾಳಿ ಒಣಗಿದಷ್ಟೂ ತಂಪು ಹೆಚ್ಚು. ಶೀತಕಪೆಟ್ಟಿಗೆಯ ಶೈತ್ಯ ಅದಕ್ಕಿಲ್ಲ, ನಿಜ. ಆದರೂ ಸೀಸೆಗಳನ್ನು ಬೆಳಗಿನವರೆಗೆ ಅದರಲ್ಲಿಟ್ಟಾಗ ನಮ್ಮ ಮಾಪಕವು ಗಾಡಿಯೊಳಗಿನದಕ್ಕಿಂತ ಏಳು ಅಂಶ ಕಡಿಮೆ ತೋರಿಸಿತು.

ಬೆಳಗಾಗುತ್ತಲೆ ಆ ಮನೆಯ ಸೊಸೆಯು ಔಷಧದ ಡಬ್ಬಿಯನ್ನು ತಮ್ಮ ಫ್ರಿಜ್ಜಿಗೆ ಒಯ್ದಳು. ಹೆಚ್ಚು ತಂಪಿರಲೆಂಬ ಸದ್ಭಾವದಿಂದ ಮೇಲಿನ ಬರ್ಫದ ಖಾನೆಯ ಬಾಗಿಲನ್ನು ತೆಗೆದಿದ್ದಳು. ನಮ್ಮ ಮನೆಯವರು ಓಡಿಹೋಗಿ ಕೈ ಹಿಡಿದರು. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಕೆಲಸಕ್ಕೆ ಬಾರದು. ಇದನ್ನು ಮನೆಯಲ್ಲಿ ಮಧುಮೇಹಿಗಳಿರುವ ಎಲ್ಲ ವಾಚಕರೂ ನೆನಪಿನಲ್ಲಿಡುವುದು ಒಳಿತು. ನಡುವಿನ ಖಾನೆಯಲ್ಲಿ ಡಬ್ಬಿ ಕುಳಿತ ಮೇಲೆ, ಯಜಮಾನರ ಅಪ್ಪಣೆ ಪಡೆದು ಬ್ಯಾಟರಿಯನ್ನು ಅವರ ಪಡಸಾಲೆಯ ಗೋಡೆಗೆ ಹಚ್ಚಿದೆವು. ವಿದ್ಯುತ್ತಿನ ಬೆಲೆಯೆಂದು ಕೊಡಹೋದ ನೋಟನ್ನು ಅವರು ಮುಟ್ಟಲಿಲ್ಲ.

ಬ್ಯಾಟರಿ ತುಂಬಲು ಇಡೀ ದಿನ ಬೇಕಾಗಿದ್ದಿತು. ಆ ವ್ಯವಧಾನದಲ್ಲಿ ಯಜಮಾನರೇ ನಮ್ಮನ್ನು ಸುರಂಗ ಬಾವಡಿಗೆ ಕರೆದೊಯ್ದರು. ಹದಿನಾರನೆಯ ಶತಮಾನದಲ್ಲಿ ಮೊದಲನೆಯ ಅಲಿ ಆದಿಲಶಹನ ಕಾಲದಲ್ಲಿ ತೊರವಿಯ ನೀರನ್ನು ನೆಲದೊಳಗಿನ ಸುರಂಗದಲ್ಲಿ ಬಿಜಾಪುರ ನಗರಕ್ಕೆ ಒಯ್ದರು. ಪರ್ಷಿಯಾದಲ್ಲಿ ರೂಢಿಯಿದ್ದ ಕರೇಜಿನ ಪದ್ಧತಿಯದು. ಪಂಪಿಲ್ಲ, ಚಕ್ರವಿಲ್ಲ, ನೆಲದ ಅಲ್ಪ ಇಳಿಜಾರೇ ನೀರನ್ನು ನಡೆಸುವುದು. ಸುರಂಗದುದ್ದಕ್ಕೂ ಅಲ್ಲಲ್ಲಿ ಮೇಲಕ್ಕೆ ತೆರೆದ ಬಾವಿಗಳು: ಅಗೆಯುವಾಗ ಮಣ್ಣೆತ್ತಲು, ಆಮೇಲೆ ಗಾಳಿಗೂ ಹೂಳು ತೆಗೆಯಲಿಕ್ಕೂ. ನೀರು ಹೊರಗೆ ಹರಿಯದ್ದರಿಂದ ಬಿಸಿಲಿಗೆ ಆರಿಹೋಗುವ ನಷ್ಟವೂ ಕಡಿಮೆ. ಮುಂದೆ ನಗರದಲ್ಲಿ ಅದು ಮಣ್ಣಿನ ಕೊಳವೆಗಳಲ್ಲಿ ಹರಿದು, ‘ಗಂಜ್’ ಎಂಬ ಎತ್ತರದ ಗೋಪುರಗಳನ್ನು ಏರಿ ಇಳಿಯುತ್ತಿದ್ದಿತು. ಮೇಲೇರಿದ ನೀರು ಗಾಳಿಗೆ ತೆರೆದುಕೊಳ್ಳಲು ಒತ್ತಡವು ಮುರಿಯುವುದು, ಕೊಳವೆ ಒಡೆಯದೆ ಉಳಿಯುವುದು, ಹೂಳೂ ತಳಕ್ಕೆ ಕೂರುವುದು. ಊರು ಬೆಳೆದು ಈ ನೀರು ಸಾಲದಾದಾಗ ೧೬೫೧ರಲ್ಲಿ ಮಹಮ್ಮದ ಆದಿಲಶಹನು ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿಸಿ ಇನ್ನೊಂದು ದಿಕ್ಕಿನಿಂದ ನೀರು ತಂದನು.

ಬಾವಡಿಯ ಬಾಯಲ್ಲಿ ನಿಂತು ಕೆಳಗಿನ ಕತ್ತಲೆಯನ್ನು ನೋಡುತ್ತಿರುವಾಗ ನಮ್ಮ ಲೆಕ್ಕದ ತಪ್ಪುಗಳು ಒಂದೊಂದಾಗಿ ಕಾಣತೊಡಗಿದವು. ನೀರಿನ ಒತ್ತಡವೇ ವೋಲ್ಟು, ಹರಿವೇ ಆಂಪಿಯರು, ಹೊಂಡವೇ ಬ್ಯಾಟರಿ. ಆ ಸ್ಥಪತಿಗಳು ಹೊಂಡದ ತಳದ ಹೂಳನ್ನು ನೀರೆಂದು ಎಣಿಸಲಿಲ್ಲ; ನಾವು ಎಣಿಸಿದ್ದೆವು. ಸೀಸದ ಬ್ಯಾಟರಿಯಲ್ಲಿ ಅರ್ಧವನ್ನಷ್ಟೆ ಖರ್ಚು ಮಾಡತಕ್ಕದ್ದು. ಅದಕ್ಕೂ ಕೆಳಗಿಳಿಸುತ್ತ ಹೋದರೆ ಅದರ ಆಯುಷ್ಯವು ಬೇಗ ತೀರುವುದು. ಅಂದರೆ ನಮ್ಮ ೧೮೦೦ರ ಗಂಟಿನಲ್ಲಿ ನಮ್ಮದಾದುದು ೯೦೦ ಮಾತ್ರ. ಶೀತಕಪೆಟ್ಟಿಗೆಯು ಅರ್ಧ ಹೊತ್ತು ಓಡುವುದೆಂಬುದು ಹಿತವಾದ ಹವೆಯ ಮಾತು. ೪೦ ಅಂಶದಲ್ಲಿ ಅದು ಗಂಟೆಗೆ ನಲವತ್ತು ನಿಮಿಷ ಓಡಿ ೭೨೦ನ್ನು ತಿಂದಿತು. ಮೇಜುಫ್ಯಾನು ಮನೆಯ ೨೩೦ ವೋಲ್ಟಿನದಾದ್ದರಿಂದ ಇನ್ವರ್ಟರನ್ನು ಹಗಲಿರುಳೂ ಹಚ್ಚಿಟ್ಟಿದ್ದೆವು. ಏನನ್ನೂ ನಡೆಸದೆ ಸುಮ್ಮನೆ ಎಚ್ಚರಾಗಿರಲಿಕ್ಕೇ ಅದಕ್ಕೆ ೧೫ ವಾಟು, ದಿನಕ್ಕೆ ೩೬೦! ಒಡೆದ ಕೊಡದ ಜಿನುಗಿನಂತೆ ಇದು ಕಣ್ಣಿಗೆ ಬೀಳದ ವೆಚ್ಚ. ಇನ್ನು ಫಲಕದ ಗಳಿಕೆ: ಅದರ ಸೂರ್ಯಕೋಶಗಳು ಸರಪಳಿಯಂತೆ ಒಂದರ ಹಿಂದೊಂದು ಜೋಡಿಸಿದವು, ಕೆಲವು ಕೋಶಗಳ ಮೇಲೆ ಒಂದು ಟೊಂಗೆಯ ನೆರಳು ಬಿದ್ದರೂ ಕೊಳವೆಯಲ್ಲಿ ಕಲ್ಲು ಸಿಕ್ಕಿದಂತೆ ಗಳಿಕೆಯ ಬಹುಭಾಗ ನಿಲ್ಲುವುದು. ಇಡೀ ಬೇವು ಕವಿದರೆ ಕೇಳುವುದೇನು? ವೆಚ್ಚವು ೧೬೫೦ರ ಸಮೀಪ, ಗಳಿಕೆಯು ೨೦೦ರ ಸಮೀಪ ಇದ್ದಿರಬೇಕು. ನಮ್ಮಿಂದ ಪಾಠ ಕಲಿತ ಯಾವ ಹುಡುಗನೂ ಈ ಲೆಕ್ಕಕ್ಕೆ ನಮಗೆ ಪಾಸಿನ ಗುಣಗಳನ್ನು ಕೊಡಲಾರನು.

ಆ ಯಾತ್ರೆಯನ್ನು ಅಲ್ಲಿಗೇ ಮೊಟಕುಗೊಳಿಸಿ ಧಾರವಾಡಕ್ಕೆ ಮರಳಿದೆವು. ಪಟ್ಟದಕಲ್ಲು, ಬಾದಾಮಿಗಳು ಉಳಿದವು. ಮಳೆಗಾಲವಿಡೀ ಅಳಿಯನೂ ನಾವೂ ಕೂಡಿ ಹೊಸ ಯೋಜನೆಯನ್ನು ಹಾಕಿದೆವು. ಈ ಸಲ ಮೊದಲು ವೆಚ್ಚ, ಅದೂ ಬೇಸಿಗೆಯ ವೆಚ್ಚ. ಮೇಜುಫ್ಯಾನನ್ನು ಮನೆಯಲ್ಲಿ ಬಿಟ್ಟು ೧೨ ವೋಲ್ಟಿನಿಂದಲೇ ನೇರವಾಗಿ ತಿರುಗುವ ೧೨ ವಾಟಿನ ಎರಡು ಫ್ಯಾನುಗಳನ್ನು ಕೂಡಿಸಿದೆವು. ಒಂಬತ್ತು ಗಂಟೆಗೆ ಎರಡಕ್ಕೂ ಸೇರಿ ೨೧೬ ಸಾಕು. ಇನ್ವರ್ಟರು ಮಿಕ್ಸರಿನ ಐದು ನಿಮಿಷಕ್ಕೆ ಮಾತ್ರ ಕಣ್ಣು ತೆರೆಯುವುದು. ಎಲ್ಲ ಕೂಡಿ ೧೧೦೦. ಸಂಖ್ಯೆಯು ಮೊದಲಿನದೇ, ಆದರೆ ಈಗ ಅದು ನಿಜ.

ಕೂಡಿಕೆಗೆ ಲೀಥಿಯಂ ಐರನ್ ಫಾಸ್ಫೇಟ್ ಎಂಬ ಜಾತಿಯ, ೧೨.೮ ವೋಲ್ಟು ೨೦೦ ಆಂಪಿಯರ್-ಗಂಟೆಯ ಬ್ಯಾಟರಿ. ೨೫೬೦ರಲ್ಲಿ ೨೩೦೦ನ್ನು ನಿಶ್ಚಿಂತವಾಗಿ ಬಳಸಬಹುದು. ಸೂರ್ಯನೇ ಬಾರದಿದ್ದರೂ ಎರಡು ದಿನದ ಗಂಟು. ಅದು ಸೀಸದ್ದಕ್ಕಿಂತ ಎಷ್ಟೋ ಹಗುರು, ಬೆಲೆಯಲ್ಲಿ ಮಾತ್ರ ಭಾರ. ಶಾಖವು ಅದಕ್ಕೂ ಶತ್ರುವಾದ್ದರಿಂದ ಎಂಜಿನ್ನಿಗೆ ದೂರವಾಗಿ ಹಿಂದಿನ ಹಲಗೆಯ ಕೆಳಗೆ ಕೂಡಿಸಿದ್ದಾಯಿತು. ಗಾಡಿ ಓಡುವಾಗ ಎಂಜಿನ್ನಿನ ಕಡೆಯಿಂದ ೩೦ ಆಂಪಿಯರನ್ನು ಹದವರಿತು ಕೊಡುವ ಉಪಕರಣವನ್ನು ನಡುವೆ ಇಟ್ಟೆವು. ನೇರವಾಗಿ ತಂತಿ ಎಳೆದರೆ ಈ ಬ್ಯಾಟರಿಯು ಬಾಯಾರಿದ ಎತ್ತಿನಂತೆ ಒಮ್ಮೆಗೇ ಹೀರಿ ಎಂಜಿನ್ನಿನ ವಿದ್ಯುಜ್ಜನಕವನ್ನು ಕಾಯಿಸಿಬಿಡುವ ಅಪಾಯವುಂಟು. ಮೂರು ಗಂಟೆಯ ಪ್ರಯಾಣದಲ್ಲಿ ಒಂದು ದಿನದ ವೆಚ್ಚ ತುಂಬುತ್ತದೆ. ಎಂಜಿನ್ನನ್ನು ಎಬ್ಬಿಸುವ ಗಾಡಿಯ ಸ್ವಂತ ಬ್ಯಾಟರಿಯನ್ನು ಮಾತ್ರ ಮೊದಲಿನಂತೆ ಪ್ರತ್ಯೇಕವಾಗಿಯೇ ಇಟ್ಟೆವು.

ನೆರಳಿನ ತೊಡಕಿಗೆ ಉಪಾಯವನ್ನು ಹೇಳಿದವರು ನಮ್ಮ ಮನೆಯವರು: “ಗಾಡಿ ನೆರಳಲ್ಲಿರಲಿ, ಹಪ್ಪಳ ಬಿಸಿಲಲ್ಲಿರಲಿ.” ಅದರಂತೆ ಮಡಚುವ ಇನ್ನೊಂದು ೨೦೦ ವಾಟಿನ ಫಲಕವನ್ನು ಕೊಂಡು ಉದ್ದ ತಂತಿಯಿಂದ ಬಯಲಿನಲ್ಲಿ ಹರಡುವ ಏರ್ಪಾಡಾಯಿತು. ತಂತಿಯ ದಪ್ಪದಲ್ಲಿ ಮಾತ್ರ ಜಿಪುಣತನ ಸಲ್ಲದು. ೧೨ ವೋಲ್ಟಿನಲ್ಲಿ ೧೦೦ ವಾಟೆಂದರೆ ಎಂಟು ಆಂಪಿಯರಿಗೂ ಮಿಕ್ಕ ಪ್ರವಾಹ. ಐದು ಮೀಟರು ದೂರಕ್ಕೆ ೨.೫ ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಹೋಗಿಬರುವ ದಾರಿಯಲ್ಲಿ ನೂರಕ್ಕೆ ಐದರಷ್ಟು ಒತ್ತಡವೇ ಸೋರುವುದು, ೬ ಚದರ ಮಿಲಿಮೀಟರಿನದಾದರೆ ಎರಡು ಮಾತ್ರ. ಬ್ಯಾಟರಿಯ ಧನಧ್ರುವಕ್ಕೆ ಅಂಟಿಕೊಂಡಂತೆಯೇ ಫ್ಯೂಸು. ಅದು ಕಾಯುವುದು ಯಂತ್ರವನ್ನಲ್ಲ, ತಂತಿಯನ್ನು. ಗಂಜ್ ಗೋಪುರವು ಕೊಳವೆಯನ್ನು ಕಾಯ್ದಂತೆ. ಭೇದವಿಷ್ಟೆ: ಗೋಪುರವು ಒತ್ತಡವನ್ನು ಮುರಿದು ನೀರನ್ನು ಮುಂದೆ ಬಿಡುತ್ತದೆ, ಫ್ಯೂಸು ತಾನೇ ಸುಟ್ಟುಕೊಂಡು ಹರಿವನ್ನು ನಿಲ್ಲಿಸುತ್ತದೆ. ಒಳಹೋದುದನ್ನೂ ಹೊರಬಂದುದನ್ನೂ ಎಣಿಸಿ ಉಳಿದುದನ್ನು ನೂರಕ್ಕೆ ಇಷ್ಟೆಂದು ತೋರಿಸುವ ಒಂದು ಮಾಪಕವನ್ನು ನಮ್ಮ ಮನೆಯವರ ಹಾಸಿಗೆಯ ತಲೆದೆಸೆಗೆ ಹಚ್ಚಿದ್ದೇವೆ. ಲೆಕ್ಕ ನೋಡುವ ಅಧಿಕಾರವು ಈಗ ಅವರದು.

೨೦೨೫ರ ಜನವರಿಯಲ್ಲಿ, ಬಾದಾಮಿ ಪಟ್ಟದಕಲ್ಲುಗಳನ್ನು ಮುಗಿಸಿಕೊಂಡು ತೊರವಿಗೆ ಮತ್ತೆ ಹೋದೆವು. ಅದೇ ಬೇವು, ಅದೇ ಬಯಲು. ಅಜ್ಜಿ ಬಂದು ಗಾಡಿಯೊಳಗೆ ಇಣಿಕಿ, ಹಲಗೆಯ ಕೆಳಗೆ ತನ್ನ ಗಡಿಗೆಯ ಜಾತಿಯದೇ ಒಂದು ಜೋಡಿಗಡಿಗೆ ಕುಳಿತಿರುವುದನ್ನು ಕಂಡು ನಕ್ಕಳು. ಮೂರು ರಾತ್ರಿ ತಂಗಿದೆವು. ಪ್ರತಿದಿನ ಬೆಳಿಗ್ಗೆ ಮಾಪಕವು ೭೦ಕ್ಕೆ ಕೆಳಗೆ ಇಳಿದಿರಲಿಲ್ಲ. ಎರಡನೆಯ ದಿನ ಮಾತ್ರ ಒಂದು ವ್ಯಾಜ್ಯ ಬಂದಿತು. ಅಳಿಯನು ಬಯಲಿನಲ್ಲಿ ಫಲಕವನ್ನು ಹರಡಿದ ಜಾಗವು ಅಜ್ಜಿಯ ಕೆಂಪು ಮೆಣಸಿನಕಾಯಿಯದಂತೆ. “ನಿಮ್ಮ ಕನ್ನಡೀನ ಆ ಕಡೆ ಸರಿಸ್ರಿ, ನನ್ನ ಮೆಣಸಿನಕಾಯಿಗೆ ಬಿಸಲ ಬೀಳವಲ್ದು” ಎಂದಳು. ಎರಡು ಮಾರು ಆಚೆಗೆ ಸರಿಸಿದೆವು, ತಂತಿ ಸಾಕಾಯಿತು.